ಮೊದಲ ಪುಟ ಎಲ್ಲರಿಗೂ ಕಾಣುತ್ತದೆ

ಹೆಂಡತಿಯ ಮೂಗಿನ ಮೇಲೆ ಆ ಕನ್ನಡಕ ಏರಿ ಒಂದು ವಾರವಾಗಿತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ಅದನ್ನು ತೆಗೆದಳು, ಕರವಸ್ತ್ರದಿಂದ ಒರೆಸಿದಳು, ಮತ್ತೆ ಏರಿಸಿಕೊಂಡು ಹುಬ್ಬುಗಳ ನಡುವೆ ಬೆರಳಿಟ್ಟು ಒತ್ತಿಕೊಂಡಳು. "ಇನ್ನೂ ರೂಢಿ ಆಗ್ಲಿಲ್ಲ ಕಣ್ರೀ. ತಲೆ ಒಂದೇ ಸಮ ಸಿಡೀತಿದೆ" ಎಂದಳು. "ಆಗುತ್ತೆ, ಹೊಸದರಲ್ಲಿ ಎಲ್ಲರಿಗೂ ಹಾಗೇ" ಎಂದ ಅವನು, ಗಿರಾಕಿಗಳಿಗೆ ಹೇಳುವ ದನಿಯಲ್ಲೇ. ಹೇಳಿದ ಮೇಲೆ ಮುಖ ಎಲ್ಲಿಡಬೇಕೆಂದು ತಿಳಿಯದೆ ಮುಂದಿನ ಸೀಟಿನ ಕಡೆ ತಿರುಗಿದ. ಮಗಳು ಅಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಒಬ್ಬಳೇ ಕೂತಿದ್ದಳು. ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡ ಮೇಲೆ ಅವಳ ಕತ್ತು ಎಷ್ಟು ಸಣ್ಣದೆಂದು ಗೊತ್ತಾಗುತ್ತಿತ್ತು. ಲಿಖಿತ ಪರೀಕ್ಷೆ ಮುಗಿದಿತ್ತು, ಸಂದರ್ಶನ ಮುಗಿದಿತ್ತು, ಓಟ, ಹಗ್ಗ ಹತ್ತುವುದು, ಗುಂಪಿನಲ್ಲಿ ಮಾತಾಡುವುದು ಎಲ್ಲ ಮುಗಿದಿತ್ತು. ಉಳಿದದ್ದು ಇವತ್ತಿನ ವೈದ್ಯಕೀಯ ತಪಾಸಣೆ ಒಂದೇ. ನೆಲದ್ದು, ನೀರಿನದು, ಗಾಳಿಯದು ಎಂದು ಮೂರು ಸೇನಾ ಅಕಾಡೆಮಿಗಳಿಗೂ ಅರ್ಜಿ ಹಾಕಿದ್ದರು. "ಒಂದು ಕೈಕೊಟ್ರೆ ಇನ್ನೊಂದು ಇರುತ್ತೆ ಅಪ್ಪಾ" ಎಂದು ಅವಳೇ ಲೆಕ್ಕ ಹೇಳಿದ್ದಳು. ಆದರೆ ಮೂರಕ್ಕೂ ತಪಾಸಣೆ ಒಂದೇ, ಕೋಣೆ ಒಂದೇ, ಕಣ್ಣಿನ ಪುಸ್ತಕ ಒಂದೇ. ಕೈಕೊಟ್ಟರೆ ಮೂರೂ ಒಟ್ಟಿಗೆ ಕೈಕೊಡುತ್ತವೆ ಎಂಬುದು ಈ ಬಸ್ಸಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಆ ಪುಸ್ತಕ ಅವನ ಕನ್ನಡಕದ ಅಂಗಡಿಯಲ್ಲೂ ಇತ್ತು. ಪುಟಪುಟಕ್ಕೂ ಒಂದು ದುಂಡನೆಯ ಚಿತ್ರ, ಅದರ ತುಂಬ ಬಣ್ಣದ ಚುಕ್ಕಿಗಳು, ಚುಕ್ಕಿಗಳ ನಡುವೆ ಅಡಗಿದ ಒಂದು ಅಂಕಿ. ಕೆಂಪು ಹಸಿರು ಬೇರೆಬೇರೆಯಾಗಿ ಕಾಣುವವರಿಗೆ ಅಂಕಿ ಎದ್ದು ಬರುತ್ತದೆ, ಕಾಣದವರಿಗೆ ಬರೀ ಚುಕ್ಕಿ. ಮೊದಲ ಪುಟ ಮಾತ್ರ ಎಲ್ಲರಿಗೂ ಕಾಣುತ್ತದೆ. ಗಿರಾಕಿಗೆ ಧೈರ್ಯ ಬರಲಿ ಎಂದು ಹಾಗೆ ಮಾಡಿದ್ದಾರೋ, ಆಟ ಆಡಿಸಲಿಕ್ಕೋ, ಪುಸ್ತಕ ಮಾಡಿದವರಿಗೇ ಗೊತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಆ ಅಂಗಡಿಗೆ ಕೆಲಸಕ್ಕೆ ಸೇರಿದಾಗ ಯಜಮಾನರು ಪುಸ್ತಕ ಬಿಚ್ಚಿ ಓದಿಸಿದ್ದರು. ಮೊದಲನೆಯದನ್ನು ಗಟ್ಟಿಯಾಗಿ ಹನ್ನೆರಡು ಎಂದವನು ಎರಡನೆಯದಕ್ಕೆ ಸುಮ್ಮನಾಗಿದ್ದ. ಮೂರನೆಯದಕ್ಕೆ ಬೆವರಿದ್ದ. ಯಜಮಾನರು ನಗುವುದಕ್ಕೆ ಶುರು ಮಾಡಿ, ನಿಲ್ಲಿಸಿ, "ಹೋಗ್ಲಿ ಬಿಡೋ. ನೋಡ್ಬೇಕಾದವನು ಗಿರಾಕಿ. ನೀನು ಉತ್ತರ ಬಾಯಿಪಾಠ ಮಾಡ್ಕೊ, ಸಾಕು" ಎಂದಿದ್ದರು. ಮಾಡಿಕೊಂಡ. ಹನ್ನೆರಡು, ಎಂಟು, ಇಪ್ಪತ್ತೊಂಬತ್ತು, ಐದು, ಮೂರು, ಹದಿನೈದು, ಎಪ್ಪತ್ನಾಲ್ಕು. ಯಜಮಾನರು ತೀರಿಕೊಂಡು ಅಂಗಡಿ ಅವನದೇ ಆದಮೇಲೂ ಅದೇ ಬಾಯಿಪಾಠದಲ್ಲಿ ಊರಿನ ಚಾಲಕರಿಗೆಲ್ಲ ಲೈಸೆನ್ಸಿಗೆ ಬೇಕಾದ ಕಣ್ಣಿನ ಪತ್ರ ಬರೆದುಕೊಟ್ಟ. ಎದುರಿಗೆ ಕೂತವರು ತಪ್ಪು ಊಹಿಸಿದಾಗ ಹೇಳುವ ಮಾತೊಂದಿತ್ತು: "ಕಾಣದಿದ್ರೆ ಕಾಣಲ್ಲ ಅನ್ನಿ ಸ್ವಾಮಿ, ಊಹೆ ಬೇಡ." ಎಷ್ಟು ಗಂಭೀರವಾಗಿ ಹೇಳುತ್ತಿದ್ದನೆಂದರೆ ಕೆಲವರು ತಲೆ ತಗ್ಗಿಸಿಬಿಡುತ್ತಿದ್ದರು.

ಬಸ್ಸು ಗಕ್ಕನೆ ನಿಂತಿತು. ಅವನು ಕತ್ತು ಚಾಚಿ ಚಾಲಕನ ಹಿಂದಲೆ ನೋಡಿದ. ಇವನು ಆ ಚಾಲಕನಲ್ಲ, ಅವನಿಗೆ ಇಷ್ಟು ಕೂದಲಿರಲಿಲ್ಲ. ಹತ್ತು ದಿನದ ಹಿಂದೆ ಅಂಗಡಿಗೆ ಬಂದಿದ್ದವನು ಬೋಳುತಲೆಯವನು. ಎರಡು ಪುಟಗಳನ್ನು ಅದಲುಬದಲಾಗಿ ಓದಿದ್ದ. "ಇಷ್ಟು ವರ್ಷ ಓಡಿಸಿದ್ದೀನಿ ಸಾರ್, ಒಂದು ಸಿಗ್ನಲ್ ತಪ್ಪಿಲ್ಲ. ಇನ್ನೊಂದ್ಸಲ ತೋರಿಸಿ" ಎಂದು ಕೇಳಿಕೊಂಡಿದ್ದ. ಇನ್ನೊಂದು ಸಲ ತೋರಿಸಿದಾಗಲೂ ಅದನ್ನೇ ಹೇಳಿದ್ದ. ಪಾಪ, ಹೇಳದೆ ಏನು ಮಾಡಿಯಾನು? ಅವನು ನೋಡಿ ಓದಿದ್ದ. ಅವನ ಪತ್ರದ ಮೇಲೆ ಅನರ್ಹ ಎಂದು ಬರೆದು, ಊಹೆ ಬೇಡವೆಂಬ ಉಪದೇಶವನ್ನೂ ಕೊಟ್ಟು ಕಳಿಸಿದ್ದಾಗಿತ್ತು. ಈಗ ಅವನು ಯಾವ ಮನೆಯ ಜಗಲಿಯಲ್ಲಿ ಕೂತು ಕೆಂಪು ಹೂವನ್ನು ದಿಟ್ಟಿಸುತ್ತ ತನ್ನ ಕಣ್ಣನ್ನೇ ಅನುಮಾನಿಸುತ್ತಿದ್ದಾನೋ.

ಪುಸ್ತಕದ ಬೆನ್ನು ಕಿತ್ತುಬಂದದ್ದು ಅದಕ್ಕೂ ಸ್ವಲ್ಪ ಮುಂಚೆ. ಫ್ಯಾನಿನ ಗಾಳಿಗೆ ಹಾಳೆಗಳು ಅಂಗಡಿಯ ತುಂಬ ಹಾರಿದ್ದವು. ಮೂಲೆಯಲ್ಲಿ ಪುಟದ ಸಂಖ್ಯೆ ಇರಲಿಲ್ಲ. ಬುದ್ಧಿವಂತ ಗಿರಾಕಿಗಳು ಚಿತ್ರ ಬಿಟ್ಟು ಆ ಸಂಖ್ಯೆ ನೋಡಿಯೇ ಉತ್ತರ ಹೇಳಿಬಿಡುತ್ತಾರೆಂದು ಯಜಮಾನರು ಮೂಲೆಗಳನ್ನೇ ಕತ್ತರಿಸಿ ಹಾಕಿದ್ದರು. ನೆಲದ ಮೇಲೆ ಮಂಡಿಯೂರಿ ಕೂತು ಅವನು ಹಾಳೆಗಳನ್ನು ಕಲೆಗಳಿಂದ ಗುರುತಿಸಿ ಜೋಡಿಸಿದ್ದ. ಚಹಾದ ಕಲೆ ಬಿದ್ದದ್ದು ಎಂಟು, ಎಣ್ಣೆಯ ಜಿಡ್ಡು ಹತ್ತಿದ್ದು ಇಪ್ಪತ್ತೊಂಬತ್ತು, ಶಾಯಿಯ ಬೆರಳು ಒತ್ತಿದ್ದು ಐದು, ಹರಿದು ಅಂಟಿಸಿದ್ದು ಮೂರು. ಹದಿನೈದಕ್ಕೂ ಎಪ್ಪತ್ನಾಲ್ಕಕ್ಕೂ ಮಾತ್ರ ಕಲೆ ಇರಲಿಲ್ಲ. ಎರಡೂ ಹಾಳೆಗಳನ್ನು ಬೆಳಕಿಗೆ ಹಿಡಿದ, ಓರೆ ಮಾಡಿ ನೋಡಿದ, ಮೂಗಿನ ಹತ್ತಿರ ತಂದ. ಚುಕ್ಕಿ, ಚುಕ್ಕಿ, ಚುಕ್ಕಿ. ಪಕ್ಕದ ಅಂಗಡಿಯವನನ್ನು ಕೂಗಿ ಕೇಳಿದ್ದರೆ ಕ್ಷಣದಲ್ಲಿ ಮುಗಿಯುತ್ತಿತ್ತು. ಹೇಗೆ ಕೇಳುವುದು? ಕಣ್ಣು ನೋಡುವವನು ಹೊರಗೆ ಬಂದು ಸ್ವಲ್ಪ ಇದೇನೆಂದು ನೋಡಿ ಹೇಳಿ ಎನ್ನುವುದೇ? ಒಂದನ್ನು ಮುಂದೆ, ಒಂದನ್ನು ಹಿಂದೆ ಇಟ್ಟು ದಾರ ಹಾಕಿ ಹೊಲಿದುಬಿಟ್ಟ.

ಮಗಳು ಹುಟ್ಟಿದಾಗಿನಿಂದಲೂ ಅವನಿಗೆ ಇದೇ ಚಿಂತೆ ಇದ್ದದ್ದು. ಹೆಣ್ಣುಮಕ್ಕಳಿಗೆ ಇದು ಬರುವುದು ತೀರ ಅಪರೂಪ ಎಂದು ಓದಿ ಸಮಾಧಾನ ಮಾಡಿಕೊಂಡಿದ್ದ, ಆದರೂ ಮನಸ್ಸು ಕೇಳಬೇಕಲ್ಲ. ಅವಳಿಗೆ ಅಂಕಿ ಬಂದ ಕೂಡಲೇ ತೊಡೆಯ ಮೇಲೆ ಕೂರಿಸಿಕೊಂಡು ಪುಸ್ತಕ ತೆರೆದಿದ್ದ. ಮಗು ಒಂದೂ ತಪ್ಪದೆ ಪಟಪಟ ಓದಿತ್ತು. ಆ ಸಂಜೆ ಅವನು ಅಂಗಡಿ ಬೇಗ ಮುಚ್ಚಿ, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ದಾರಿಯುದ್ದಕ್ಕೂ ಹಾಡು ಗುನುಗುತ್ತ ಮನೆಗೆ ಹೋಗಿದ್ದ. ಎಂಥ ಪೆದ್ದ! ಹಾಲು ಕುಡಿಯುವ ವಯಸ್ಸಿನಿಂದ ಆ ಮಗು ಕೌಂಟರಿನ ಕೆಳಗೆ ಆಡಿಕೊಂಡು, ಅಲ್ಲೇ ನಿದ್ದೆ ಮಾಡಿ ಬೆಳೆದದ್ದು. ಮೇಲೆ ದಿನವೂ ಒಬ್ಬರಲ್ಲ ಒಬ್ಬರು ಹನ್ನೆರಡು, ಎಂಟು, ಇಪ್ಪತ್ತೊಂಬತ್ತು ಎನ್ನುತ್ತಿದ್ದರೆ ಕೆಳಗೆ ಅವಳು ಅದನ್ನು ಶಿಶುಗೀತೆಯ ಹಾಗೆ ಕೇಳಿಕೊಂಡಿದ್ದಳು. ಅವಳು ಮೋಸ ಮಾಡಿದವಳಲ್ಲ. ಉತ್ತರ ಗೊತ್ತಿದ್ದರೆ ಚುಕ್ಕಿಗಳ ನಡುವೆ ಆ ಅಂಕಿ ಇರುವ ಹಾಗೆಯೇ ಕಾಣುತ್ತದೆ, ಅದು ಅವನಿಗೂ ಗೊತ್ತು. ಎಷ್ಟೋ ಸಲ ಅವನಿಗೂ ಕಂಡಿದೆ.

ಅರ್ಜಿಯ ದಿನಗಳು ಎಷ್ಟು ಚೆನ್ನಾಗಿದ್ದವು. ಬೆಳಗ್ಗೆ ಅವಳು ಓಡುತ್ತಿದ್ದರೆ ಅವನು ಪಕ್ಕದಲ್ಲಿ ಸೈಕಲ್ ತುಳಿಯುತ್ತ ಏದುಸಿರು ಬಿಡುತ್ತಿದ್ದ, ಅವಳಲ್ಲ. ಸಂಜೆ ಊಟದ ಮೇಜಿನ ಹಿಂದೆ ಕೋಟು ಹಾಕಿಕೊಂಡು ಕರ್ನಲ್ ಆಗಿ ಕೂರುತ್ತಿದ್ದ. ಅವಳು ಬಾಗಿಲು ತಟ್ಟಿ ಒಳಗೆ ಬರಬೇಕು. "ಮೇಜಿಗೆ ಮೊಣಕೈ ಊರಬೇಡಿ" ಎಂದು ಕರ್ನಲ್ ಗದರುವುದು, ಒಳಗಿನಿಂದ ಹೆಂಡತಿ "ಕರ್ನಲ್ ಸಾಹೇಬ್ರೇ, ಅದೇ ಕೋಟಲ್ಲಿ ಗ್ಯಾಸ್ ಸಿಲಿಂಡರ್ ಒಂಚೂರು ಬದಲಾಯಿಸ್ತೀರಾ?" ಎನ್ನುವುದು, ಮೂವರೂ ನಗುವುದು. ಒಮ್ಮೆ ಅವನು ಕೇಳಿದ್ದ: "ನಿಮ್ಮ ತಂದೆಯಿಂದ ನೀವು ಏನು ಕಲಿತಿರಿ?" ಬಾಯಿಗೆ ಬಂದ ಪ್ರಶ್ನೆ, ಒಂದು ಹೊಗಳಿಕೆಯ ಆಸೆಯೂ ಇತ್ತೇನೋ. ಅವಳು ಯೋಚಿಸಿ, "ಕಾಣದಿದ್ರೆ ಕಾಣಲ್ಲ ಅನ್ನೋದನ್ನ ಕಲಿತೆ ಸರ್. ಊಹಿಸಿ ಹೇಳಬಾರದು" ಎಂದಿದ್ದಳು. ನಿಜವಾದ ಸಂದರ್ಶನದಲ್ಲೂ ಅದನ್ನೇ ಹೇಳಿದಳಂತೆ, ಮೂವರು ಅಧಿಕಾರಿಗಳೂ ಅದನ್ನು ಬರೆದುಕೊಂಡರಂತೆ. ಮನೆಗೆ ಬಂದು ಕುಣಿಯುತ್ತ ಹೇಳಿದ್ದಳು. ಅವತ್ತೂ ಅವನಿಗೆ ಏನೂ ಅನ್ನಿಸಿರಲಿಲ್ಲ, ಹೆಮ್ಮೆಯೊಂದನ್ನು ಬಿಟ್ಟು.

ನಂತರ ಆ ಮಧ್ಯಾಹ್ನ. ತಪಾಸಣೆಗೆ ಒಂದು ವಾರವಿದೆ, ಎಲ್ಲವನ್ನೂ ಒಮ್ಮೆ ನೋಡಿಬಿಡೋಣ ಎಂದು ಮಗಳನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ಪುಸ್ತಕ ತಿರುವುತ್ತಿದ್ದ. ಹೆಂಡತಿ ಊಟದ ಡಬ್ಬಿ ತಂದವಳು ಅವರ ಬೆನ್ನ ಹಿಂದೆ ನಿಂತಿದ್ದಳು. ಮಗಳು "ಹದಿನೈದು" ಎಂದಳು. "ಸರಿ" ಎಂದ ಅವನು. "ಏನ್ ಸರಿ? ಅದು ಎಪ್ಪತ್ನಾಲ್ಕಲ್ವಾ?" ಎಂದಳು ಹೆಂಡತಿ, ಡಬ್ಬಿಯ ಮುಚ್ಚಳ ತೆಗೆಯುತ್ತ. ಮಗಳು ನಕ್ಕಳು. ಅವನೂ ನಕ್ಕು ಪುಟ ತಿರುವಿದ. "ಎಪ್ಪತ್ನಾಲ್ಕು" ಎಂದಳು ಮಗಳು. "ಸರಿ" ಎಂದ ಅವನು. "ಅಪ್ಪ ಮಗಳು ಸೇರಿ ನನ್ನ ಆಟ ಆಡಿಸ್ತಿದ್ದೀರಾ? ಇದು ಹದಿನೈದು" ಎಂದಳು ಹೆಂಡತಿ. ತಾನು ಹೊಲಿದ ಆ ಎರಡು ಹಾಳೆ ಅದಲುಬದಲಾಗಿವೆ, ಮಗಳು ಹೇಳುತ್ತಿರುವುದು ಬರೀ ಬಾಯಿಪಾಠ ಎಂದು ಆಗ ತಿಳಿಯಿತು. ಮಾವನ ನೆನಪಾಯಿತು. ಹೆಂಡತಿಯ ಅಪ್ಪ ಯಾವಾಗ ಮಾರುಕಟ್ಟೆಗೆ ಹೋದರೂ ಕಾಯಿ ಟೊಮೇಟೊ ತಂದು ಹಣ್ಣೆಂದು ವಾದಿಸುತ್ತಿದ್ದರು, ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಅಳಿಯ ಮಾತ್ರ ಚೀಲದೊಳಗೆ ಇಣುಕಿ ಸುಮ್ಮನಾಗುತ್ತಿದ್ದ. ಎರಡೂ ಕಡೆಯಿಂದ ಬಂದರೆ ಹೆಣ್ಣುಮಕ್ಕಳಿಗೂ ಬರುತ್ತದೆ. ಅದನ್ನೂ ಓದಿದ್ದ. ಓದಿ ಪುಟ ತಿರುವಿದ್ದ. ಮಗಳು ಅವನ ಮುಖ ನೋಡುತ್ತಿದ್ದಳು. ಅವನು ಹೆಂಡತಿಯ ಕಡೆ ತಿರುಗಿ, "ನಿಂಗೆ ಕಣ್ಣು ಮಂಜಾಗಿದೆ ಕಣೆ. ವಯಸ್ಸಾಯ್ತಲ್ಲ, ಬಾ ಇಲ್ಲಿ" ಎಂದ. ಆ ಮಾತನ್ನು ಯಾರು ಹೇಳಿದರೋ ಎಂದು ಅವನಿಗೇ ಆಶ್ಚರ್ಯವಾಗಿತ್ತು. ಅವಳು ಪಾಪ ಬಂದು ಕೂತಳು. ಬರೀ ಗಾಜು ಹಾಕಿದರೆ ಗೊತ್ತಾದೀತೆಂದು ಸ್ವಲ್ಪ ನಂಬರನ್ನೂ ಕೂಡಿಸಿದ. ಸುಳ್ಳಿಗೂ ಎಂಥ ಕಸುಬುದಾರಿಕೆ! "ಕನ್ನಡಕದಂಗಡಿಯವನ ಹೆಂಡತಿಗೆ ಕನ್ನಡಕ ಇಲ್ಲ ಅಂತ ಎಲ್ಲರೂ ಆಡ್ಕೊಳ್ತಿದ್ರು, ಅದೂ ಆಯ್ತು" ಎಂದು ಅವಳು ಕನ್ನಡಿ ನೋಡಿಕೊಂಡು ನಕ್ಕಿದ್ದಳು.

ಆಮೇಲಿನ ಒಂದು ವಾರ ಅವನು ಹೇಳಲು ಹೋಗಿ ಹೇಳದೆ ಬಂದದ್ದೇ ಬಂದದ್ದು. ಮಗಳು ಬೂಟಿಗೆ ಪಾಲಿಶ್ ಹಾಕುತ್ತಿದ್ದಾಗ ಪಕ್ಕದಲ್ಲಿ ಕೂತ. "ಏನಪ್ಪಾ?" ಎಂದಳು. "ಏನಿಲ್ಲ, ಹೊಳಪು ಚೆನ್ನಾಗಿ ಬಂದಿದೆ" ಎಂದ. ಒಮ್ಮೆಯಂತೂ, ಎಲ್ಲ ತನ್ನ ಭ್ರಮೆಯಿರಬಹುದು, ಹೆಂಡತಿಯೇ ತಪ್ಪು ಓದಿರಬಹುದು ಎಂಬ ಆಸೆಯಿಂದ, ಹೊಲಿಗೆಯ ಪೆಟ್ಟಿಗೆಯಿಂದ ಕೆಂಪು ದಾರದ ಉಂಡೆ ತರಲು ಮಗಳಿಗೆ ಹೇಳಿದ. ಅವಳು ಒಂದು ಉಂಡೆ ತಂದು ಕೈಯಲ್ಲಿಟ್ಟು ಹೋದಳು. ಅದನ್ನು ಅಂಗೈಯಲ್ಲಿ ಹಿಡಿದು ಅವನು ನಿಂತೇ ಇದ್ದ. ಅವಳು ಸರಿಯಾದದ್ದನ್ನು ತಂದಳೋ ಇಲ್ಲವೋ ತಿಳಿಯುವ ದಾರಿ ಅವನಿಗಿರಲಿಲ್ಲ. ಅಡುಗೆಮನೆಗೆ ಹೋಗಿ ಹೆಂಡತಿಗೆ ತೋರಿಸಿ ಕೇಳಬೇಕು, ಬೇರೆ ಉಪಾಯವಿಲ್ಲ. ಉಂಡೆಯನ್ನು ಜೇಬಿಗೆ ಹಾಕಿಕೊಂಡ. ಅದು ಈಗಲೂ ಕೋಟಿನ ಜೇಬಿನಲ್ಲಿತ್ತು. ಈ ಒಂದು ದೋಷಕ್ಕೆ ಗಾಜಿಲ್ಲ, ಮದ್ದಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಹೇಳಿದರೂ ಅವಳ ಕಣ್ಣು ಸರಿಹೋಗುವುದಿಲ್ಲ, ಹೇಳದಿದ್ದರೂ ಹೋಗುವುದಿಲ್ಲ. ಅಂದಮೇಲೆ ಹೇಳಿ ಏನು ಪ್ರಯೋಜನ ಎಂದು ತನಗೆ ತಾನೇ ವಾದಿಸಿಕೊಂಡ. ನಿಜ ಅದಲ್ಲ. ಅವಳ ಕಣ್ಣಿನ ಬಗ್ಗೆ ಬಾಯಿಬಿಟ್ಟರೆ ತನ್ನ ಕಣ್ಣಿನ ಬಗ್ಗೆಯೂ ಬಿಡಬೇಕಾಗುತ್ತಿತ್ತು.

ಸೇನೆಯ ಆಸ್ಪತ್ರೆ ಉದ್ದಕ್ಕೆ ಚಾಚಿಕೊಂಡ ಒಂದೇ ಮಹಡಿಯ ಕಟ್ಟಡ. ಬಾಗಿಲಲ್ಲಿದ್ದ ಕಾವಲುಗಾರ ಮಗಳ ಹೆಸರು ಗುರುತು ಹಾಕಿಕೊಂಡು, "ಕಣ್ಣಿನ ವಿಭಾಗಕ್ಕೆ ಕೆಂಪು ಗೆರೆ ಹಿಡ್ಕೊಂಡು ಹೋಗಿ" ಎಂದ. ಕಾರಿಡಾರಿನ ನೆಲದ ಮೇಲೆ ಮೂರು ಗೆರೆಗಳು ಅಂಟಿಕೊಂಡು ಸಾಗಿದ್ದವು. ಒಂದು ನೀಲಿ, ಅದು ಸರಿ. ಇನ್ನೆರಡು ಅವನಿಗೆ ಒಂದೇ ತಾಯಿಯ ಮಕ್ಕಳು. ಗೆರೆಗಳು ಕವಲೊಡೆಯುವಲ್ಲಿ ಮಗಳು ಒಂದಿಷ್ಟೂ ತಡೆಯದೆ, ಬೂಟು ಸದ್ದು ಮಾಡುತ್ತ, ಎಡಕ್ಕೆ ತಿರುಗಿದಳು. ಅವಳ ಹಿಂದೆ ಅವನೂ ತಿರುಗಿದ. "ಎಲ್ಲಿಗ್ರೀ ಹೊರಟಿರಿ ಇಬ್ಬರೂ? ಅದು ಹಸಿರು!" ಎಂದು ಹೆಂಡತಿ ಬಲಗಡೆಯಿಂದ ಕೂಗಿದಳು. ಮಗಳು ನಾಲಿಗೆ ಕಚ್ಚಿಕೊಂಡು, "ಗಾಬರಿಯಲ್ಲಿ ನೋಡ್ಲೇ ಇಲ್ಲಮ್ಮಾ" ಎಂದು ನಗುತ್ತ ವಾಪಸ್ಸು ಓಡಿದಳು. ಈಗಲಾದರೂ ಹೇಳು, ಈಗಲಾದರೂ, ಎಂದು ಅವನ ಒಳಗೆ ಯಾರೋ ಬಡಿದುಕೊಳ್ಳುತ್ತಿದ್ದರು. "ನೀರು ಕುಡೀತೀಯಾ ಮಗಳೇ?" ಎಂದ. "ಬೇಡಪ್ಪಾ, ಆಮೇಲೆ" ಎಂದಳು. ಹೆಸರು ಕರೆದರು. ಒಳಗೆ ಹೋಗುವ ಮುಂಚೆ ಅವಳು ಬಾಗಿಲಲ್ಲಿ ತಿರುಗಿ, ಮನೆಯ ಕರ್ನಲ್ಲಿಗೆ ಹೊಡೆಯುವ ಹಾಗೆ ಒಂದು ಸೆಲ್ಯೂಟ್ ಹೊಡೆದಳು. ಬೆಂಚಿನ ಮೇಲಿದ್ದ ಬೇರೆ ಅಪ್ಪ ಅಮ್ಮಂದಿರೆಲ್ಲ ಮುಗುಳ್ನಕ್ಕರು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅಕ್ಷರಗಳ ಹಲಗೆ ಓದಿದ್ದು ಕೇಳಿಸಿತು, ಕಟ್ಟಕಡೆಯ ಸಾಲಿನವರೆಗೂ. ಅದರಲ್ಲಿ ಅವಳ ಕಣ್ಣು ಹದ್ದಿನ ಕಣ್ಣು. ಆಮೇಲೆ ಹಾಳೆ ತಿರುವುವ ಸದ್ದು. "ಹನ್ನೆರಡು" ಎಂದಳು ಮಗಳು. "ಎಂಟು. ಇಪ್ಪತ್ತೊಂಬತ್ತು. ಐದು." ಅದೇ ಏರಿಳಿತ, ಕೌಂಟರಿನ ಕೆಳಗಿನ ಶಿಶುಗೀತೆಯ ಅದೇ ರಾಗ. ಅವನ ತುಟಿ ಜೊತೆಗೇ ಅಲ್ಲಾಡುತ್ತಿತ್ತು. ಆ ಕೋಣೆಯ ಪುಸ್ತಕವೂ ಅದೇ ಕ್ರಮದಲ್ಲಿರಲಿ, ದೇವರೇ, ಇದೊಂದು ಸಲ, ಎಂದು ಕೈ ಹಿಸುಕಿಕೊಂಡ. ಮತ್ತೆ ಹಾಳೆಯ ಸದ್ದು, ಈ ಸಲ ಹಿಂದಿನಿಂದಲೋ ನಡುವಿನಿಂದಲೋ. ಮಗಳ ದನಿ ಮೊದಲಿಗಿಂತ ಜೋರಾಯಿತು. ಕುರ್ಚಿ ಸರಿದ ಸದ್ದು. ಬಾಗಿಲು ತೆರೆಯಿತು. "ತಂದೆ ಯಾರು? ಒಳಗೆ ಬನ್ನಿ. ತಾಯೀನೂ ಬರಬಹುದು" ಎಂದಳು ನರ್ಸು.

ವೈದ್ಯೆ ಬಿಳಿ ಕೋಟಿನ ಒಳಗೆ ಸಮವಸ್ತ್ರ ತೊಟ್ಟಿದ್ದಳು. ನಡುವಯಸ್ಸು, ದಣಿದ ಮುಖ, ಮಾತಿನಲ್ಲಿ ಕಟುತನವಿಲ್ಲ. "ಏನು ಕೆಲಸ ಮಾಡ್ತೀರಿ ನೀವು?" ಎಂದು ಕೇಳಿದಳು. "ಕನ್ನಡಕದ ಅಂಗಡಿ" ಎಂದ. "ಓ, ಹಾಗಾದ್ರೆ ನಿಮಗೆ ಬಿಡಿಸಿ ಹೇಳೋದು ಬೇಡ" ಎಂದಳು, ಆದರೂ ಬಿಡಿಸಿ ಹೇಳಿದಳು. ಪುಟಗಳನ್ನು ಕ್ರಮ ತಪ್ಪಿಸಿ ತೋರಿಸಿದರೆ ಹುಡುಗಿ ಮೊದಲನೆಯದೊಂದು ಬಿಟ್ಟು ಎಲ್ಲ ತಪ್ಪು ಓದಿದ್ದಾಳೆ, ಕಾಣದವರು ತಡವರಿಸುತ್ತಾರೆ, ಇವಳು ತಡವರಿಸುತ್ತಲೇ ಇಲ್ಲ, ಪುಟ ತಿರುವುವ ಮುಂಚೆಯೇ ಹೇಳುತ್ತಾಳೆ. ಹುಡುಗನಾಗಿದ್ದರೆ ಇಷ್ಟಕ್ಕೇ ಬರೆದು ಕಳಿಸುತ್ತಿದ್ದೆ. ಹುಡುಗಿಯಾದ್ದರಿಂದ ಕೇಳುತ್ತಿದ್ದೇನೆ, ಈ ದೋಷವಿದ್ದರೆ ತಂದೆಗೂ ಇರಲೇಬೇಕಲ್ಲ? ಅವನು ಬಾಯಿ ತೆರೆಯುವ ಮುಂಚೆ ಮಗಳು, "ನಮ್ಮಪ್ಪಂಗೆ ಏನೂ ಇಲ್ಲ ಮೇಡಂ!" ಎಂದಳು. ಅವಳ ಕೆನ್ನೆ ಬಿಸಿಯೇರಿ ಅದುರುತ್ತಿತ್ತು. "ಊರವರ ಕಣ್ಣೆಲ್ಲ ಅವರೇ ನೋಡೋದು. ಈ ಪುಸ್ತಕದಲ್ಲೇ ಏನೋ ತಪ್ಪಿದೆ. ಅಪ್ಪಾ, ನೀನೇ ನೋಡಿ ಹೇಳು."

ವೈದ್ಯೆ ಪುಸ್ತಕವನ್ನು ಅವನ ಕಡೆ ತಿರುಗಿಸಿ ಮೊದಲ ಪುಟ ತೆರೆದಳು. "ಹನ್ನೆರಡು" ಎಂದ. ಅದು ಅವನಿಗೆ ಕಾಣುತ್ತಿತ್ತು, ಸತ್ಯವಾಗಿ ಕಾಣುತ್ತಿತ್ತು. ಅವಳು ಅಲ್ಲಿಂದ ಒಂದಷ್ಟು ಹಾಳೆ ಒಟ್ಟಿಗೆ ಮಗುಚಿ ಎಲ್ಲೋ ಒಂದು ಕಡೆ ಬೆರಳಿಟ್ಟಳು. ಹೊಚ್ಚಹೊಸ ಪುಟ, ಚಹಾದ ಕಲೆಯಿಲ್ಲ, ಶಾಯಿಯ ಬೆರಳಿಲ್ಲ. ಚೆಲ್ಲಿದ ಕಾಳಿನ ಹಾಗೆ ಚುಕ್ಕಿಗಳು. ಮಗಳ ಉಸಿರು ಅವನ ತೋಳಿಗೆ ತಾಗುತ್ತಿತ್ತು. ಎಷ್ಟು ಹೊತ್ತಾಯಿತೋ, ವೈದ್ಯೆ ಮೆಲ್ಲಗೆ, "ಕಾಣದಿದ್ರೆ ಕಾಣಲ್ಲ ಅನ್ನಿ, ಊಹೆ ಬೇಡ" ಎಂದಳು. ತನ್ನ ಮಾತೇ. ಮಗಳು ಅವನನ್ನು ನೋಡುತ್ತಿದ್ದಳು, ಗೆದ್ದೇಬಿಟ್ಟೆವೆಂಬ ನಂಬಿಕೆಯಿಂದ. ಅವನು ಕೋಟಿನ ಜೇಬಿನಲ್ಲಿ ದಾರದ ಉಂಡೆಯನ್ನು ಹಿಡಿದುಕೊಂಡು, "ಇಪ್ಪತ್ತೊಂಬತ್ತು" ಎಂದ.

ಅವನ ಬೆನ್ನ ಹಿಂದೆ ಹೆಂಡತಿ ಕನ್ನಡಕ ತೆಗೆದಳು. ಮೇಜಿನ ಮೇಲೆ ಬಾಗಿದಳು. "ಐದಲ್ವೇನ್ರೀ?" ಎಂದಳು, ಗಂಡನಿಗೆ ಸಹಾಯ ಮಾಡುವವಳ ಹಾಗೆ ತಗ್ಗಿದ ದನಿಯಲ್ಲಿ. "ಇಷ್ಟು ದೊಡ್ಡದಾಗಿದೆಯಲ್ಲ. ಐದು." ಆಮೇಲೆ ಅವಳು ಕೈಯಲ್ಲಿದ್ದ ಕನ್ನಡಕವನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಕನ್ನಡಕವನ್ನು ನೋಡಿದಳು. ಅದನ್ನು ಮಡಿಸಿ ಮೇಜಿನ ಮೇಲೆ ಅವನ ಮುಂದೆ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪಾ" ಎಂದಳು ಮಗಳು. "ನಿಂಗೂ ಕಾಣಲ್ವಾ?"

"ಕಾಣಲ್ಲ" ಎಂದ.

ವೈದ್ಯೆ ಎರಡು ಸಾಲು ಬರೆದು ಸಹಿ ಹಾಕಿದಳು. ಮೂರಕ್ಕೂ ಅದೇ ಹಾಳೆ ಹೋಗುತ್ತದೆ ಎಂದಳು, ಬೇರೆ ಓದು ಎಷ್ಟೋ ಇದೆ ಎಂದೂ ಹೇಳಿದಳು. ಮಗಳು ಥ್ಯಾಂಕ್ಯೂ ಮೇಡಂ ಎಂದು, ಕಲಿಸಿದ ಹಾಗೆಯೇ ಕುರ್ಚಿಯನ್ನು ಸದ್ದಿಲ್ಲದೆ ಒಳಗೆ ಸರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಗೆ ನಡೆದಳು. ಅವನು ಹಿಂದೆ ಹಿಂದೆ ಹೋದ. ಹೆಗಲ ಮೇಲೆ ಕೈಯಿಡಬೇಕೆಂದು ಎರಡು ಸಲ ಕೈಯೆತ್ತಿ ಎರಡು ಸಲವೂ ಇಳಿಸಿದ. ಕನ್ನಡಕ ಅವನ ಇನ್ನೊಂದು ಕೈಯಲ್ಲಿತ್ತು. ಬಾಗಿಲಿಗೆ ಹೋಗುವ ದಾರಿಯಲ್ಲಿ ಗೆರೆಗಳು ಕೂಡುವ ಜಾಗ ಬಂದಾಗ ಮಗಳು ನಿಂತಳು. ಬೆಳಗ್ಗೆ ಬೂಟು ಸದ್ದು ಮಾಡುತ್ತ ತಿರುಗಿದ್ದ ಅದೇ ಜಾಗ. ನೆಲವನ್ನು ನೋಡಿದಳು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಹೆಜ್ಜೆ ಎತ್ತಲಿಲ್ಲ. ಅವಳ ಪಕ್ಕಕ್ಕೆ ಬಂದು ಅವನೂ ನಿಂತ. ಇಬ್ಬರೂ ಹಾಗೇ ನಿಂತಿದ್ದರು, ಹೆಂಡತಿ ಹಿಂದಿನಿಂದ ಬಂದು, ಇಬ್ಬರ ನಡುವೆ ದಾಟಿ, "ಈ ಕಡೆ ಬನ್ನಿ" ಎನ್ನುವವರೆಗೆ.